ಕಸದ ಹೊಗೆ ಮತ್ತು ‘ತ್ರಾಣವಿಲ್ಲದ’ ಮಕ್ಕಳು

ಸಂಪಾದಕರಿಗೆ ನಮಸ್ಕಾರ.

ಓಣಿಯಲ್ಲಿ ಕಸ ಸುಡುವುದನ್ನು ನಿಲ್ಲಿಸಿ ಅಂತ ನಿಮ್ಮ ಪತ್ರಿಕೆಗೆ ಒಬ್ಬರು ಬರೆದಿದ್ದರು. ಅದಕ್ಕೆ ಇನ್ನೊಬ್ಬ ಓದುಗರು ಕೊಟ್ಟ ಉತ್ತರ ಓದಿದೆ. ನಾವೆಲ್ಲ ಒಲೆ ಹೊಗೆಯಲ್ಲೇ ಬೆಳೆದವರು, ನಮಗೇನಾಯಿತು, ಈಗಿನ ಮಕ್ಕಳಿಗೆ ತ್ರಾಣವೇ ಇಲ್ಲ, ಒಂದಿಷ್ಟು ಹೊಗೆಗೆಲ್ಲ ಸೀನುತ್ತಾ ಕೂರುತ್ತಾರೆ ಅಂತ. ಧಾರವಾಡದ ಯಾವ ಕಟ್ಟೆಯ ಮೇಲೆ ಕೂತರೂ ಈ ಮಾತು ಕೇಳುತ್ತದೆ ಬಿಡಿ. ಆದರೆ ಅಚ್ಚಾಗಿ ಬಂದಾಗ ಸುಮ್ನಿರಲು ಆಗಲಿಲ್ಲ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವನು ನಾನು, ಆ ಚಟ ಇನ್ನೂ ಬಿಟ್ಟಿಲ್ಲ.

ಮೊದಲು ಸೀನಿನ ವಿಷಯ. ಮೂಗು, ಶ್ವಾಸನಾಳ, ಚರ್ಮ, ಕರುಳು, ಹೀಗೆ ಹೊರಗಿನದು ಮೈಗೆ ತಾಗುವ ಜಾಗದಲ್ಲೆಲ್ಲ ರಕ್ತನಾಳಗಳ ಮಗ್ಗುಲಲ್ಲಿ ಮಾಸ್ಟ್ ಕೋಶಗಳು ಅಂತ ರೋಗನಿರೋಧಕ ವ್ಯವಸ್ಥೆಯ ಕೋಶಗಳು ಇರುತ್ತವೆ. ಜರ್ಮನಿಯ ಪೌಲ್ ಎರ್ಲಿಕ್ 1878ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧದಲ್ಲೇ ಇವುಗಳ ಬಗ್ಗೆ ಬರೆದಿದ್ದ. ಕೋಶದ ತುಂಬ ಸಣ್ಣ ಸಣ್ಣ ಕಾಳುಗಳು, ಅದರೊಳಗೆ ಹಿಸ್ಟಮಿನ್ ಎಂಬ ರಾಸಾಯನಿಕ. ಕಾಂಗ್ರೆಸ್ ಗಿಡದ ಪರಾಗವೋ ಹಾಸಿಗೆಯ ಧೂಳೋ ಒಗ್ಗದವರಲ್ಲಿ ಐಜಿಇ ಎಂಬ ಪ್ರತಿಕಾಯ ಈ ಕೋಶಗಳ ಮೈಗೆ ಮೊದಲೇ ಅಂಟಿಕೊಂಡಿರುತ್ತದೆ. ಪರಾಗ ಬಂದು ಅದಕ್ಕೆ ತಾಗಿತೋ, ಕೆಲವೇ ನಿಮಿಷದಲ್ಲಿ ಹಿಸ್ಟಮಿನ್ ಹೊರಗೆ. ಮೂಗು ಸೋರುತ್ತದೆ, ಕಣ್ಣು ತುರಿಸುತ್ತದೆ, ಸೀನು ನಿಲ್ಲುವುದಿಲ್ಲ. ನಾವು ಮೆಡಿಕಲ್ ಶಾಪಿಗೆ ಹೋಗಿ ತರುವ ಸೆಟಿರಿಜಿನ್ ಮಾತ್ರೆ ಹೊರಗೆ ಬಿದ್ದ ಹಿಸ್ಟಮಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ, ಅಷ್ಟೇ. ಹೊಗೆಗೆ ಅದು ಏನೂ ಮಾಡುವುದಿಲ್ಲ.

ಈಗ ಹೊಗೆಗೆ ಬರೋಣ. ಇದೇ ಮಾಸ್ಟ್ ಕೋಶದೊಳಗೆ ಆರಿಲ್ ಹೈಡ್ರೊಕಾರ್ಬನ್ ರಿಸೆಪ್ಟರ್ ಅಂತ ಒಂದು ಪ್ರೋಟೀನ್ ಇದೆ. ಎಎಚ್ಆರ್ ಅನ್ನುತ್ತಾರೆ. ಊರೊಳಗೆ ಹೊಸಬರು ಕಾಲಿಟ್ಟ ಕೂಡಲೇ ಗೌಡರ ಮನೆಗೆ ಸುದ್ದಿ ಮುಟ್ಟಿಸುವ ತಳವಾರನ ಹಾಗೆ ಇದು, ಕೋಶದೊಳಗೆ ಬಂದ ರಾಸಾಯನಿಕವನ್ನು ಹಿಡಿದುಕೊಂಡು ನೇರ ಕೋಶಕೇಂದ್ರಕ್ಕೇ ಹೋಗುತ್ತದೆ, ಅಲ್ಲಿ ಯಾವ ಜೀನ್ ಚಾಲೂ ಆಗಬೇಕು ಯಾವುದು ಬೇಡ ಅನ್ನುವುದರಲ್ಲಿ ಕೈ ಹಾಕುತ್ತದೆ. 1976ರಲ್ಲಿ ಅಮೆರಿಕದ ಅಲನ್ ಪೋಲಂಡ್ ಮತ್ತು ಜೊತೆಗಾರರು ಇಲಿಯ ಯಕೃತ್ತಿನಲ್ಲಿ ಇದನ್ನು ಪತ್ತೆ ಹಚ್ಚಿದ್ದು ಡಯಾಕ್ಸಿನ್ ಎಂಬ ವಿಷದ ಬೆನ್ನು ಹತ್ತಿ ಹೋದಾಗ. ಕಟ್ಟಿಗೆ, ಡೀಸೆಲ್, ಸಿಗರೇಟು ಉರಿದಾಗ ಬರುವ ಬೆಂಜೋಪೈರೀನ್ ಥರದ ರಾಸಾಯನಿಕಗಳನ್ನೂ ಇದು ಹಿಡಿಯುತ್ತದೆ.

ಹಾಗಂತ ಈ ಎಎಚ್ಆರ್ ನಮ್ಮ ಶತ್ರುವೇನಲ್ಲ. ಕೋಸು ತಿಂದಾಗ ಹುಟ್ಟುವ ಕೆಲವು ಅಂಶಗಳು, ಕರುಳಿನ ಬ್ಯಾಕ್ಟೀರಿಯಾ ತಯಾರಿಸುವ ಕೆಲವು ವಸ್ತುಗಳು ಇದಕ್ಕೇ ಅಂಟುತ್ತವೆ, ಅದರಿಂದ ಕರುಳಿನ ಗೋಡೆ ಗಟ್ಟಿ ಇರುತ್ತದೆ. ಇದನ್ನೇ ಎಬ್ಬಿಸುವ ಟ್ಯಾಪಿನಾರಾಫ್ ಎಂಬ ಮುಲಾಮಿಗೆ ಅಮೆರಿಕದಲ್ಲಿ 2022ರಲ್ಲಿ ಸೋರಿಯಾಸಿಸ್‌ಗೆ ಒಪ್ಪಿಗೆ ಸಿಕ್ಕಿತು, 2024ರ ಕೊನೆಗೆ ಎಕ್ಸಿಮಾಕ್ಕೂ ಸಿಕ್ಕಿತು. ಏನು ಬಂದು ತಾಗಿತು, ಎಷ್ಟು ಹೊತ್ತು ಇತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಪ್ರಯೋಗಾಲಯದಲ್ಲಿ ಮಾಸ್ಟ್ ಕೋಶಗಳಿಗೆ ಎಎಚ್ಆರ್‌ಗೆ ಅಂಟುವ ಒಂದು ವಸ್ತುವನ್ನು ಒಂದೇ ಸಲ ಕೊಟ್ಟು ನೋಡಿದಾಗ ಹಿಸ್ಟಮಿನ್ ಬಿಡುವುದು ಜಾಸ್ತಿಯಾಯಿತು. ಮತ್ತೆ ಮತ್ತೆ ಕೊಟ್ಟಾಗ ಅದು ಕಡಿಮೆಯಾಯಿತು, ಆದರೆ ಉರಿಯೂತಕ್ಕೆ ಕಾರಣವಾಗುವ ಐಎಲ್-17 ಎಂಬ ಪ್ರೋಟೀನ್ ಹೆಚ್ಚಿತು. ಅಂದರೆ ರೂಢಿಯಾದರೆ ಸರಿಹೋಗುತ್ತದೆ ಅನ್ನುವ ಮಾತಿಗೂ ಇಲ್ಲಿ ಆಧಾರವಿಲ್ಲ. ಮನುಷ್ಯರ ಮೂಗಿನಲ್ಲೂ ನೋಡಿದ್ದಾರೆ. ಧೂಳಿನ ಅಲರ್ಜಿ ಇದ್ದವರಿಗೆ ಡೀಸೆಲ್ ಹೊಗೆಯ ಕಣಗಳನ್ನು ಮೊದಲು ಕೊಟ್ಟು ಆಮೇಲೆ ಧೂಳುಹುಳದ ಅಂಶ ಕೊಟ್ಟರೆ ಹಿಸ್ಟಮಿನ್ ಹೆಚ್ಚಾಯಿತು, ಮೊದಲಿಗಿಂತ ಕಡಿಮೆ ಧೂಳಿಗೇ ಸೀನು ಶುರುವಾಯಿತು. ಮಳೆಗಾಲ ಮುಗಿದು ಖಾಲಿ ಸೈಟುಗಳಲ್ಲೆಲ್ಲ ಕಾಂಗ್ರೆಸ್ ಗಿಡ ಹೂ ಬಿಟ್ಟಿರುವ ಹೊತ್ತಿಗೇ ಪಕ್ಕದಲ್ಲಿ ಕಸಕ್ಕೆ ಬೆಂಕಿ ಹಚ್ಚುವ ನಮ್ಮ ಊರಿಗೆ ಇದು ಬೇರೆ ದೇಶದ ಸುದ್ದಿ ಅನಿಸುತ್ತದೆಯೇ?

ಇನ್ನು ಒಲೆಯ ಮಾತು. ಒಲೆಗೆ ಹಾಕುತ್ತಿದ್ದದ್ದು ಕಟ್ಟಿಗೆ, ಕುಳ್ಳು. ಆ ಹೊಗೆಯೂ ಒಳ್ಳೆಯದೇನಲ್ಲ, ಜೀವಮಾನವೆಲ್ಲ ರೊಟ್ಟಿ ಬಡಿದು ಈಗ ರಾತ್ರಿಯಿಡೀ ಕೆಮ್ಮುವ ಅಜ್ಜಿಯರನ್ನು ಆ ಓದುಗರು ಒಮ್ಮೆ ಮಾತಾಡಿಸಲಿ. ಈಗ ಓಣಿ ಮೂಲೆಯಲ್ಲಿ ಉರಿಯುವ ಗುಂಪೆಯನ್ನು ಕೋಲಿನಿಂದ ಕೆದರಿ ನೋಡಿ: ಮೇಲೆ ಬೇವಿನ ಎಲೆ, ಕೆಳಗೆ ಹಾಲಿನ ಪ್ಯಾಕೆಟ್ಟು, ಗುಟ್ಕಾ ಚೀಟಿ, ಥರ್ಮಾಕೋಲ್, ಪಿವಿಸಿ ವೈರು. ಪಿವಿಸಿಯಲ್ಲಿ ಕ್ಲೋರಿನ್ ಇರುತ್ತದೆ. ಹೀಗೆ ಅರೆಬರೆ ಬೆಂದರೆ ಡಯಾಕ್ಸಿನ್ ಹುಟ್ಟುತ್ತದೆ. ಮೈಗೆ ಸೇರಿದ ಡಯಾಕ್ಸಿನ್ ಅರ್ಧಕ್ಕಿಳಿಯಲು 7ರಿಂದ 11 ವರ್ಷ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಬೀದಿಯಲ್ಲಿ ಕಸ ಸುಡಬಾರದು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಹೇಳಿತ್ತು. ಅದೇ ವರ್ಷ ಹಸಿರು ನ್ಯಾಯಮಂಡಳಿ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಅಂತ ಹೇಳಿತು. ದಂಡ ಕಟ್ಟಿದವರನ್ನು ನಾನಂತೂ ಕಂಡಿಲ್ಲ. ಕಸ ಗುಡಿಸುವವರನ್ನು ಬೈಯುವುದು ಸುಲಭ, ಆದರೆ ಎಲೆ ಗುಡಿಸಿ ಹಾಕಲು ಗಾಡಿ ಬರದಿದ್ದರೆ ಅವರಾದರೂ ಏನು ಮಾಡಬೇಕು? ಆ ಹೊಗೆಯನ್ನು ಎಲ್ಲರಿಗಿಂತ ಹತ್ತಿರದಿಂದ ಕುಡಿಯುವವರು ಅವರೇ ಅಲ್ವಾ. ಧಾರವಾಡದಲ್ಲಿ ಗಿಡಮರಕ್ಕೆ ಕಮ್ಮಿಯಿಲ್ಲ, ವಾರ್ಡಿಗೊಂದು ಪಾರ್ಕಿನಲ್ಲಿ ಎಲೆಗೊಬ್ಬರದ ಗುಂಡಿ ತೆಗೆಸಿದರೆ ಅರ್ಧ ಬೆಂಕಿ ಹಾಗೇ ಆರುತ್ತದೆ. ಇನ್ನೊಂದು, ಹುಬ್ಬಳ್ಳಿ ಧಾರವಾಡದ ಹುಡುಗರಿಗೆ ಹೋಳಿ ಅಂದರೆ ಜೀವ. ಕಾಮಣ್ಣನಿಗೆ ಕುಳ್ಳು ಕಟ್ಟಿಗೆ ಸಾಕು, ಹಳೇ ಟೈರು ತಂದು ಹಾಕಬೇಡಿ ಅಂತ ಆಯಾ ಓಣಿಯ ಹಿರಿಯರೇ ಹೇಳಲಿ. ನಾವು ಬೋರ್ಡು ಹಾಕಿದರೆ ಕೇಳದವರು ಅವರ ಮಾತು ಕೇಳುತ್ತಾರೆ.

ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ,
ಧಾರವಾಡ