ಇಬ್ರಿಗೂ ಕಾರ್ಡ್ ಮಾಡಿಸೋ ಮುಂಚೆ

ಸಂಪಾದಕರೇ,

ಹೋದ ವರ್ಷ ಮಾಲ್‌ನಲ್ಲಿ ಒಬ್ಬ ಹುಡುಗ ನಿಲ್ಸಿ "ಸಾರ್, ಮೇಡಂ, ಇಬ್ರೂ ಮಾಡ್ಸಿ, ಪಾಯಿಂಟ್ ಡಬಲ್" ಅಂದ, ನಾನೂ ನನ್ನ ಹೆಂಡ್ತಿನೂ ಒಂದೊಂದು ಕ್ರೆಡಿಟ್ ಕಾರ್ಡ್ ಮಾಡಿಸ್ಬಿಟ್ವಿ. ಈ ವರ್ಷ ಬಿಲ್ ನೋಡಿದ್ರೆ ತಲಾ ಸಾವಿರ ವಾರ್ಷಿಕ ಶುಲ್ಕ, ಮೇಲೆ 18% ಜಿಎಸ್‌ಟಿ, ಒಟ್ಟು 2,360 ರೂಪಾಯಿ. ಖರ್ಚು ಮಾಡಿದ್ದಕ್ಕೆ ಬಹುಮಾನವಾಗಿ ಸಿಗೋ ಪಾಯಿಂಟ್ ಇಬ್ರದ್ದೂ ಸೇರಿಸಿದ್ರೂ 900 ರೂಪಾಯಿ ದಾಟಲ್ಲ, ಅದನ್ನೂ ಒಟ್ಟಿಗೆ ಸೇರಿಸೋಕೆ ಬರಲ್ವಂತೆ.

ಭಾನುವಾರ ಮೂರು ತಿಂಗಳ ಸ್ಟೇಟ್‌ಮೆಂಟ್ ಹರಡ್ಕೊಂಡು ಪೆನ್ನಲ್ಲಿ ಗೆರೆ ಹಾಕ್ತಾ ಕೂತ್ವಿ. ದಿನಸಿ, ಪೆಟ್ರೋಲ್, ಮಗಳ ಫೀಸು ಅಷ್ಟೇ, ವಿಮಾನ ಒಂದ್ಸಲಾನೂ ಇಲ್ಲ, ಆದ್ರೆ ನಾವು ತಗೊಂಡಿದ್ದು ವಿಮಾನ ಪ್ರಯಾಣದವರ ಕಾರ್ಡು. ಈಗ ಒಂದು ಕ್ಯಾಶ್‌ಬ್ಯಾಕ್ ಕಾರ್ಡ್ (ಖರ್ಚಿನಲ್ಲಿ ಸ್ವಲ್ಪ ಹಣ ವಾಪಸ್ ಕೊಡೋದು) ನನ್ನ ಹೆಸರಲ್ಲಿ, ಅವಳಿಗೆ ಅದರದೇ ಆಡ್-ಆನ್, ಅಂದ್ರೆ ಅದೇ ಖಾತೆಗೆ ಸೇರಿದ ಇನ್ನೊಂದು ಕಾರ್ಡ್, ಹಾಗಾಗಿ ವಾಪಸ್ ಬರೋ ಹಣವೆಲ್ಲಾ ಒಂದೇ ಕಡೆ ಬೀಳುತ್ತೆ. ಆಡ್-ಆನ್‌ನಲ್ಲಿ ಯಾರು ಖರ್ಚು ಮಾಡಿದ್ರೂ ಸಾಲ ಮುಖ್ಯ ಕಾರ್ಡ್‌ದಾರರದ್ದೇ, ಇದನ್ನ ಮೊದ್ಲೇ ಕೂತು ಮಾತಾಡ್ಕೋಬೇಕು.

ಹಳೇ ಕಾರ್ಡ್ ಮುಚ್ಚಿಸೋಕೆ ವಾರಗಟ್ಟಲೆ ಫೋನ್ ಮಾಡಿದ್ವಿ. ಬಾಕಿ ಇಲ್ದಿದ್ರೆ 7 ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದ್ರೆ ಗ್ರಾಹಕರಿಗೆ ದಿನಕ್ಕೆ 500 ರೂಪಾಯಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ದಯವಿಟ್ಟು ಇದನ್ನ ನಿಮ್ಮ ಪತ್ರಿಕೆಯಲ್ಲಿ ದೊಡ್ಡದಾಗಿ ಹಾಕಿ, ಶುಲ್ಕದ ವಿವರವನ್ನ ಬ್ಯಾಂಕಿನವರು ಕನ್ನಡದಲ್ಲೂ ಕೊಡ್ಲಿ.

– ಒಬ್ಬ ಓದುಗ, ಮೈಸೂರು