ಗಲ್ಲಾದ ಮೇಲಿನ ಆ ಫಲಕ ಕಾಯ್ದೆಗೆ ವಿರುದ್ಧ

ಮಾನ್ಯ ಸಂಪಾದಕರೇ,

ಈ ವರ್ಷ ಶಾಲೆ ಶುರುವಾಗುವ ಮುನ್ನ ನಮ್ಮೂರಿನ ಅಂಗಡಿಯೊಂದರಲ್ಲಿ ಮಗಳಿಗೆ 850 ರೂಪಾಯಿ ಕೊಟ್ಟು ಶೂ ಕೊಂಡಿದ್ದೆ. ಒಂಬತ್ತನೆಯ ದಿನಕ್ಕೆ ಅದರ ಅಟ್ಟೆ ಕಿತ್ತುಬಂತು. ಬಿಲ್ ಹಿಡಿದು ಹೋದಾಗ ಅಂಗಡಿಯವರು ಶೂ ಕೈಗೆತ್ತಿಕೊಂಡು ನೋಡಲೂ ಇಲ್ಲ. ಗಲ್ಲಾದ ಮೇಲೆ ತೂಗುಹಾಕಿದ್ದ ‘ಒಮ್ಮೆ ಮಾರಿದ ಮಾಲನ್ನು ಯಾವುದೇ ಕಾರಣಕ್ಕೂ ವಾಪಸ್ ಪಡೆಯುವುದಿಲ್ಲ’ ಎಂಬ ಫಲಕದತ್ತ ಬೆರಳು ತೋರಿಸಿದರು. ಅದೇ ಸಾಲು ಬಿಲ್ಲಿನ ಅಡಿಯಲ್ಲೂ ಅಚ್ಚಾಗಿತ್ತು. ನನ್ನ ಹಿಂದೆ ನಿಂತಿದ್ದ ಹಿರಿಯರೊಬ್ಬರು, ‘ಬರೆದು ಹಾಕಿದ ಮೇಲೆ ಮುಗೀತಲ್ಲಮ್ಮ’ ಎಂದರು. ಈ ನಂಬಿಕೆಯೇ ನನ್ನನ್ನು ಈ ಪತ್ರ ಬರೆಯಲು ಹಚ್ಚಿದೆ.

ಬರೆದು ಹಾಕಿದ ಮಾತ್ರಕ್ಕೆ ಮುಗಿಯುವುದಿಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಎರಡನೆಯ ಕಲಮಿನ 47ನೆಯ ಉಪಕಲಂ, ದೋಷವಿರುವ ಸರಕನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವುದನ್ನು ಮತ್ತು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸಿರದಿದ್ದರೆ 30 ದಿನಗಳೊಳಗೆ, ಹಣ ಮರಳಿಸದಿರುವುದನ್ನು ‘ಅನುಚಿತ ವ್ಯಾಪಾರ ಪದ್ಧತಿ’ ಎಂದು ಸ್ಪಷ್ಟವಾಗಿ ಕರೆದಿದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಮನೆಗೆ ಹೋದ ಮೇಲೆ ಬಣ್ಣ ಹಿಡಿಸಲಿಲ್ಲವೆಂದು ತಂದುಕೊಡುವ ಸೀರೆಯನ್ನು ವ್ಯಾಪಾರಿ ವಾಪಸ್ ಪಡೆಯಲೇಬೇಕೆಂದು ಈ ಕಲಂ ಹೇಳುವುದಿಲ್ಲ. ವ್ಯಾಪಾರಿಗಳ ಕಷ್ಟವೂ ನನಗೆ ಅರ್ಥವಾಗುತ್ತದೆ. ಆದರೆ ‘ಯಾವುದೇ ಕಾರಣಕ್ಕೂ’ ಎಂಬ ಎರಡು ಪದಗಳು ದೋಷವಿರುವ ಮಾಲಿನ ಹೊಣೆಯನ್ನೂ ಕೊಂಡವರ ತಲೆಗೇ ಕಟ್ಟುತ್ತವೆ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ಕನ್ನಡದಲ್ಲೇ ದೂರು ಹೇಳಿಕೊಂಡೆ. ಅಂಗಡಿಗೂ ಈ ಉಪಕಲಮನ್ನು ಉಲ್ಲೇಖಿಸಿ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿದೆ. ಎರಡು ವಾರದೊಳಗೆ ಹಣ ಮರಳಿತು. ಮರಳದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತೆರೆದೇ ಇತ್ತು: ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವಿಲ್ಲ, ನಾವು ವಾಸಿಸುವ ಜಿಲ್ಲೆಯಲ್ಲೇ, ತಕರಾರು ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡಬಹುದು.

ಆದರೆ ನನ್ನ 850 ರೂಪಾಯಿ ಬಂದರೂ ಫಲಕ ಅಲ್ಲೇ ತೂಗುತ್ತಿದೆ. ಆಯೋಗ ನೀಡುವ ಪರಿಹಾರ ದೂರು ಕೊಟ್ಟವರಿಗೆ ಮಾತ್ರ ತಲುಪುತ್ತದೆ. ಫಲಕ ಓದಿ ಸುಮ್ಮನೆ ಮನೆಗೆ ಮರಳಿದವರಿಗೆ ಅದರಿಂದ ಏನೂ ಸಿಗುವುದಿಲ್ಲ. ಇಂಥವರಿಗಾಗಿಯೇ ಕಾಯ್ದೆ ಇನ್ನೊಂದು ದಾರಿಯನ್ನು ಮಾಡಿದೆ. ಗ್ರಾಹಕರ ಸಮುದಾಯಕ್ಕೆ ತೊಂದರೆಯಾಗುವ ಪದ್ಧತಿಗಳ ಬಗ್ಗೆ ವಿಚಾರಣೆ ನಡೆಸಿ, ಅವನ್ನು ನಿಲ್ಲಿಸುವಂತೆ ಆದೇಶಿಸುವ ಅಧಿಕಾರ ದೆಹಲಿಯಲ್ಲಿರುವ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಅಷ್ಟೇ ಅಲ್ಲ, 16 ಮತ್ತು 17ನೆಯ ಕಲಮುಗಳ ಪ್ರಕಾರ ಇಂಥ ದೂರನ್ನು ಯಾರಾದರೂ ತಮ್ಮ ಜಿಲ್ಲಾಧಿಕಾರಿಗೇ ಬರೆದು ಕೊಡಬಹುದು, ಅವರು ತನಿಖೆ ಮಾಡಿ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ಜಾಲತಾಣಗಳಲ್ಲಿ ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿ ಪ್ರಾಧಿಕಾರ 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದು ಸ್ವಾಗತಾರ್ಹ. ಪೇಟೆಬೀದಿಯ ಗೋಡೆಯ ಮೇಲಿನ ಫಲಕದ ಮೇಲೂ ಅಷ್ಟೇ ಗಮನ ಬೇಕು, ಏಕೆಂದರೆ ಮೊಬೈಲಿನಲ್ಲಿ ಖರೀದಿಸಲು ಬಾರದ ನಮ್ಮ ಹಿರಿಯರು ಕೊಳ್ಳುವುದು ಅಲ್ಲಿಯೇ.

ನಾನು ನಮ್ಮ ಜಿಲ್ಲಾಧಿಕಾರಿಗಳಿಗೆ ಫಲಕದ ಫೋಟೊ ಮತ್ತು ಬಿಲ್ಲಿನ ಪ್ರತಿಯೊಂದಿಗೆ ದೂರು ಸಲ್ಲಿಸಿದ್ದೇನೆ. ಉಳಿದ ಜಿಲ್ಲೆಗಳ ಓದುಗರೂ ಹೀಗೆ ಮಾಡಬೇಕೆಂದು ಕೋರುತ್ತೇನೆ. ನಗರಸಭೆಗಳು ಉದ್ದಿಮೆ ಪರವಾನಗಿ ನವೀಕರಿಸುವಾಗ ಈ ಫಲಕವನ್ನು ತೆಗೆಸಿ, ಅದೇ ಜಾಗದಲ್ಲಿ ‘ದೋಷವಿದ್ದರೆ 30 ದಿನಗಳೊಳಗೆ ಹಣ ವಾಪಸ್, ದೂರಿಗೆ 1915’ ಎಂದು ಕನ್ನಡದಲ್ಲಿ ಬರೆಸುವಂತೆ ಸರ್ಕಾರ ಸುತ್ತೋಲೆ ಹೊರಡಿಸಲಿ. ದಸರಾ, ದೀಪಾವಳಿಯ ಖರೀದಿ ಶುರುವಾಗುವುದರೊಳಗೆ ಇಷ್ಟಾದರೂ ಆಗಬೇಕು.

ಇತಿ,
ಓದುಗರೊಬ್ಬರು, ದಾವಣಗೆರೆ