ಶಿಂಚುವಿನ ಹರಕೆ ಆಟ

ಪ್ರೀತಿಯ ಗೆಳೆಯ,

ತುಳುನಾಡಿನಲ್ಲಿ ಆಟಗಳಿಗೆ ತೆರೆ ಬೀಳುವ ಪತ್ತನಾಜೆ ಮುಗಿದು ನಿನ್ನ ಯಕ್ಷಗಾನ ಮೇಳ ಗೆಜ್ಜೆ ಬಿಚ್ಚಿದೆ. ಇನ್ನು ಮಳೆಗಾಲ ಕಳೆಯುವವರೆಗೆ ನೀನು ಫ್ರೀ. ಅದಕ್ಕೇ ಈಗ ಬರೆಯುತ್ತಿದ್ದೇನೆ. ತೈವಾನ್‌ಗೆ ಬಂದರೆ ಏನು ನೋಡೋದು ಅಂತ ಕೇಳಿದ್ದೆಯಲ್ಲ? ತೈಪೆ 101 ಕಟ್ಟಡವನ್ನು ಯಾರು ಬೇಕಾದರೂ ತೋರಿಸುತ್ತಾರೆ. ನಾನು ನಿನಗೆ ತೋರಿಸಬೇಕು ಅಂದುಕೊಂಡಿರುವುದು ಹರಕೆ ಆಟ. ಹೌದು ಮಾರಾಯ, ಇಲ್ಲೂ ಹರಕೆ ಆಟ ಇದೆ!

ನಾನಿರುವ ಶಿಂಚು ಹೊರಗಿನವರಿಗೆ ಚಿಪ್ ಫ್ಯಾಕ್ಟರಿಗಳ ಊರು. 1980ರಲ್ಲಿ ಇಲ್ಲಿ ಸೈನ್ಸ್ ಪಾರ್ಕ್ ಶುರುವಾಯಿತು, ಬೆಂಗಳೂರಿನಿಂದ ನಮ್ಮಂಥವರು ಬಂದು ಸೇರುವುದೂ ಅದರ ದೆಸೆಯಿಂದಲೇ. ಆದರೆ ಪೇಟೆಯ ಹಳೇ ಭಾಗಕ್ಕೆ ಹೋದರೆ ಗಲ್ಲಿಗೊಂದು ಗುಡಿ. ದೇವರ ಹುಟ್ಟುಹಬ್ಬ ಬಂತು ಅಂದರೆ ಗುಡಿಯ ಎದುರು ಒಂದು ಲಾರಿ ಬಂದು ನಿಲ್ಲುತ್ತದೆ. ಅದರ ಒಂದು ಮಗ್ಗುಲು ತೆರೆದರೆ ಅದೇ ರಂಗಸ್ಥಳ. ಅದರ ಮುಖ ಜನರ ಕಡೆ ಅಲ್ಲ, ಗರ್ಭಗುಡಿ ಕಡೆ. ಕಾಯಿಲೆ ವಾಸಿಯಾಯಿತು, ವ್ಯಾಪಾರ ಕುದುರಿತು, ಮಗಳು ಪರೀಕ್ಷೆ ಪಾಸಾದಳು ಅಂತ ಯಾರೋ ಹರಕೆ ತೀರಿಸಲು ಆಡಿಸುವ ಆಟ ಅದು. ಆಡಿಸಿದವರ ಹೆಸರನ್ನು ಕೆಂಪು ಕಾಗದದಲ್ಲಿ ಬರೆದು ಅಲ್ಲೇ ಅಂಟಿಸುತ್ತಾರೆ.

ಆಟ ಅಂದರೆ ಹೆಚ್ಚಾಗಿ ಪೋತೆಹಿ, ಕೈಗೊಂಬೆ. ಉಪ್ಪಿನಕುದ್ರುವಿನ ಗೊಂಬೆಗಳ ಹಾಗೆ ಸೂತ್ರ ಇಲ್ಲ. ಮರದಲ್ಲಿ ಕೆತ್ತಿದ ಟೊಳ್ಳು ತಲೆ, ಕೆಳಗೆ ಬಟ್ಟೆಯ ಮೈ. ತೋರುಬೆರಳು ತಲೆಯೊಳಗೆ, ಹೆಬ್ಬೆರಳು ಒಂದು ಕೈಗೆ, ಉಳಿದ ಬೆರಳು ಇನ್ನೊಂದು ಕೈಗೆ. ಇಷ್ಟರಲ್ಲೇ ಗೊಂಬೆ ಬೀಸಣಿಗೆ ಬಿಡಿಸುತ್ತದೆ, ಕೋಲಿನ ತುದಿಯಲ್ಲಿ ತಟ್ಟೆ ತಿರುಗಿಸುತ್ತದೆ, ಕಿಟಕಿಯಿಂದ ಹಾರಿ ಹೋಗಿ ಬಾಗಿಲಿನಿಂದ ಬರುತ್ತದೆ. ಗಂಡು, ಹೆಣ್ಣು, ಮುದುಕ, ರಾಕ್ಷಸ ಎಲ್ಲರ ಮಾತೂ ಒಬ್ಬನದೇ ಬಾಯಲ್ಲಿ. ನಿಮ್ಮಲ್ಲಿ ಭಾಗವತ ಬೇರೆ, ಅರ್ಥ ಹೇಳುವವರು ಬೇರೆ. ಇಲ್ಲಿನ ಮುಖ್ಯ ಕಲಾವಿದನ ಗಂಟಲಿಗೆ ಬಿಡುವೇ ಇಲ್ಲ.

ನಿನಗೆ ಖುಷಿಯಾಗುವ ವಿಷಯ ಬೇರೆ ಇದೆ. ಕಥೆಗೆ ಮೊದಲು ಪೂರ್ವರಂಗ ಆಗಲೇಬೇಕು. ಅದಕ್ಕೆ ಬಾನ್‌ಶಿಯೆನ್ ಅನ್ನುತ್ತಾರೆ. ದಿವ್ಯಪುರುಷರು ಬಂದು ಆಯುಸ್ಸು, ಸಂಪತ್ತು, ಭಾಗ್ಯ ಹರಸಿ ಹೋಗುತ್ತಾರೆ. ಮುಂದಿನ ಕಥೆಯನ್ನು ಮೊಟಕು ಮಾಡಿದರೂ ನಡೆದೀತು, ಇದನ್ನು ಬಿಡುವ ಹಾಗಿಲ್ಲ. ಸುವೋನಾ ಅನ್ನುವ ವಾದ್ಯ ನಮ್ಮ ನಾಗಸ್ವರದ ದಾಯಾದಿ, ಆದರೆ ಕಿವಿಗೆ ಜಾಸ್ತಿ ಚುಚ್ಚುತ್ತದೆ. ಜೊತೆಗೆ ಜಾಗಟೆ, ತಾಳ, ನಗಾರಿ. ನಿನ್ನ ಚೆಂಡೆ ಇದ್ದಿದ್ದರೆ ಅಂತ ನನಗೆ ಅನ್ನಿಸದೆ ಇಲ್ಲ.

ನೋಡುವವರು? ಎಷ್ಟೋ ಸಲ ಯಾರೂ ಇರುವುದಿಲ್ಲ. ಒಬ್ಬ ಅಜ್ಜ, ಒಂದು ನಾಯಿ, ಸ್ಕೂಟರ್ ನಿಲ್ಲಿಸಿ ಎರಡು ನಿಮಿಷ ನೋಡಿ ಹೋಗುವವರು. ಆಟ ನಿಲ್ಲುವುದಿಲ್ಲ. ದೇವರು ನೋಡುತ್ತಿದ್ದಾನಲ್ಲ, ಸಾಕು. ಕಟೀಲಿನ ಆಟಕ್ಕೆ ನಮ್ಮವರು ವರ್ಷಗಟ್ಟಲೆ ಮೊದಲೇ ಬುಕ್ ಮಾಡಿ ಕಾಯುವುದು ನೆನಪಾಗುತ್ತದೆ. ಅಲ್ಲೂ ಬೆಳಗಿನ ಜಾವಕ್ಕೆ ಎದುರು ಉಳಿಯುವವರು ಎಷ್ಟು ಜನ ಹೇಳು?

ಎಲ್ಲವೂ ಚೆಂದ ಅಂತ ಹೇಳಲಾರೆ. ಕೆಲವು ಲಾರಿಗಳಲ್ಲಿ ಮಾತು, ಹಾಡು ಎರಡೂ ರೆಕಾರ್ಡ್ ಮಾಡಿದ್ದು. ಗೊಂಬೆಗಳು ದೊಡ್ಡವಾಗಿವೆ, ಬಣ್ಣದ ಲೈಟು, ಹೊಗೆ, ಸಿನಿಮಾ ಸಂಗೀತ. ಈ ಬಗೆಗೆ ಜಿಂಗ್ವಾಂಗ್, ಅಂದರೆ ಚಿನ್ನದ ಬೆಳಕು ಅಂತ ಹೆಸರು. ಯಕ್ಷಗಾನಕ್ಕೆ ಸಿನಿಮಾ ಹಾಡು ಬಂದಾಗ ನೀನು ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ, ಇಲ್ಲಿನ ಹಿರಿಯರೂ ಹಾಗೇ ಗೊಣಗುತ್ತಾರೆ. ಆದರೆ ಈ ಕಲೆ ಉಳಿದ ದಾರಿ ನೋಡಿದರೆ ನನಗೆ ಸಿಟ್ಟು ಬರುವುದಿಲ್ಲ. ಚೀನಾದ ಫುಜಿಯಾನ್‌ನಿಂದ ವಲಸೆ ಬಂದವರು ತಂದ ಆಟ ಇದು. ಜಪಾನಿನ ಆಳ್ವಿಕೆಯಲ್ಲಿ, 1937ರ ನಂತರ, ಗುಡಿಯೆದುರಿನ ಆಟಕ್ಕೆ ತಡೆ ಬಿತ್ತು. ಆಡಿದರೂ ಜಪಾನಿ ಮಾತು, ಜಪಾನಿ ಉಡುಪು. 1931ರಲ್ಲಿ ಸ್ವಂತ ತಂಡ ಕಟ್ಟಿದ್ದ ಲಿ ತಿಯೆನ್‌ಲು ಅಂಥವರು ಆ ಕಾಲವನ್ನೂ ದಾಟಿ ಬಂದರು, ಮುಪ್ಪಿನಲ್ಲಿ ಫ್ರಾನ್ಸಿನ ಶಿಷ್ಯರಿಗೂ ಕಲಿಸಿದರು. ಆಮೇಲೆ 1970ರಲ್ಲಿ ಹ್ವಾಂಗ್ ಚುನ್‌ಶ್ಯುಂಗ್ ಟಿವಿಗೆ ತಂದ ಗೊಂಬೆಯಾಟ ಎಷ್ಟು ಜನಪ್ರಿಯವಾಯಿತು ಅಂದರೆ, ರೈತರು ಕಾರ್ಮಿಕರು ಕೆಲಸ ಬಿಟ್ಟು ಕೂರುತ್ತಾರೆ ಅಂತ 1974ರಲ್ಲಿ ಸರ್ಕಾರವೇ ನಿಲ್ಲಿಸಿತು. ಅದು ಆಡುತ್ತಿದ್ದುದು ಊರಿನ ತೈವಾನಿ ಭಾಷೆಯಲ್ಲಿ. ಸರ್ಕಾರಕ್ಕೆ ಬೇಕಿದ್ದುದು ಮ್ಯಾಂಡರಿನ್. ಇಷ್ಟೆಲ್ಲ ಕಂಡ ಗೊಂಬೆ ಈಗ ನಾಲ್ಕು ಬಣ್ಣದ ಲೈಟಿಗೆ ಸಾಯುತ್ತದಾ?

ಮಾತು ಅರ್ಥವಾಗಬೇಕು, ಬೆರಳಿನ ಕೆಲಸ ಹತ್ತಿರದಿಂದ ಕಾಣಬೇಕು ಅಂದರೆ ತೈಪೆಯ ಶಿಲಿನ್‌ನಲ್ಲಿ 2017ರಲ್ಲಿ ತೆರೆದ ಸಾಂಪ್ರದಾಯಿಕ ರಂಗಮಂದಿರ ಇದೆ. ಅಲ್ಲಿ ಪೀಕಿಂಗ್ ಒಪೆರಾನೂ ಆಗುತ್ತದೆ. ಅದು ಇಲ್ಲಿ ಬೇರೂರಿದ್ದು ಮುಖ್ಯವಾಗಿ 1949ರ ಸುಮಾರಿಗೆ ಚೀನಾದಿಂದ ಬಂದವರ ಜೊತೆ. ಗೆಜೈಶಿ ಅನ್ನುವ ಹಾಡುನಾಟಕ ಮಾತ್ರ ಇದೇ ದ್ವೀಪದ ಯಿಲಾನ್‌ನಲ್ಲಿ ಹುಟ್ಟಿದ್ದು. ಎರಡನ್ನೂ ಚೀನೀ ಅಂತ ಒಟ್ಟಿಗೆ ಕಟ್ಟಿಬಿಟ್ಟರೆ ನನ್ನ ಆಫೀಸಿನ ಗೆಳತಿಯೊಬ್ಬಳ ಮುಖ ಬಾಡುತ್ತದೆ. ನೀನೂ ಹುಷಾರಾಗಿರು.

ಈಗ ಹೊಟ್ಟೆಯ ವಿಷಯ. ಛೆಂಗ್‌ಹ್ವಾಂಗ್ ಈ ಊರಿನ ಕಾವಲು ದೇವರು, ಚಿತ್ರಗುಪ್ತನ ಲೆಕ್ಕದ ಕೆಲಸವೂ ಅವನದೇ. 1748ರ ಗುಡಿ. ಅದರ ಸುತ್ತ ತಿಂಡಿ ಅಂಗಡಿಗಳು ಹೇಗೆ ಮುತ್ತಿಕೊಂಡಿವೆ ಅಂದರೆ ದೇವರನ್ನು ಹುಡುಕಬೇಕು. ಶಿಂಚುವಿನ ಹೆಸರುವಾಸಿ ತಿಂಡಿ ಮಿಫೆನ್, ಅಕ್ಕಿಯ ತೆಳು ಶ್ಯಾವಿಗೆ. ಶರತ್ಕಾಲದಲ್ಲಿ ಇಲ್ಲಿ ಬೀಸುವ ಒಣಗಾಳಿಗೆ ಬಿದಿರಿನ ತಟ್ಟೆಗಳಲ್ಲಿ ಹರಡಿ ಒಣಗಿಸುವ ಪದ್ಧತಿ. ಆದರೆ ಮೇಲೆ ಹಂದಿ ಮಾಂಸದ ಪುಡಿ ಉದುರಿಸುತ್ತಾರೆ, ಪಕ್ಕದಲ್ಲೇ ಹಂದಿ ಮಾಂಸದ ಉಂಡೆ. ನಿನ್ನಂಥ ಸಸ್ಯಾಹಾರಿ ‘ಸು’ ಅನ್ನುವ ಅಕ್ಷರ ಹುಡುಕಬೇಕು, ಕೆಲವು ಬೋರ್ಡುಗಳಲ್ಲಿ ಸ್ವಸ್ತಿಕವೂ ಇರುತ್ತದೆ. ಅಂಥ ಕಡೆ ಮಾಂಸ ಮಾತ್ರ ಅಲ್ಲ, ಹೆಚ್ಚಾಗಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬೌದ್ಧರ ಮಡಿ. ನಿನ್ನ ಅಮ್ಮ ಇಲ್ಲಿ ಆರಾಮಾಗಿ ಚಾತುರ್ಮಾಸ್ಯ ಕಳೆದುಬಿಡುತ್ತಾರೆ. ಪ್ಯಾಕೆಟ್ ತಿಂಡಿಗಳ ಮೇಲೂ ಮೊಟ್ಟೆ ಇದೆಯಾ, ಹಾಲು ಇದೆಯಾ, ಬೆಳ್ಳುಳ್ಳಿ ಇದೆಯಾ ಅಂತ ಬೇರೆ ಬೇರೆಯಾಗಿ ಬರೆದಿರುತ್ತದೆ.

ನನ್ನ ಮೆಚ್ಚಿನದು ಕಡಲೆಕಾಯಿ ಐಸ್‌ಕ್ರೀಮ್ ಸುರುಳಿ. ಇಟ್ಟಿಗೆಗಿಂತ ದೊಡ್ಡ ಕಡಲೆಕಾಯಿ ಚಿಕ್ಕಿಯ ಗಟ್ಟಿಯನ್ನು ಬಡಗಿಯ ಉಜ್ಜುಗೊರಡಿನಲ್ಲಿ ಹೆರೆಯುತ್ತಾರೆ. ತೆಳು ರೊಟ್ಟಿಯ ಮೇಲೆ ಆ ಪುಡಿ, ಅದರ ಮೇಲೆ ಕೆಸುವಿನ ಗಡ್ಡೆಯ ಐಸ್‌ಕ್ರೀಮ್, ಕೊನೆಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪು! ಮಡಚಿ ಕೈಗೆ ಕೊಡುತ್ತಾರೆ. ನಗಬೇಡ, ಮೊದಲು ತಿನ್ನು. ನಾರುವ ತೋಫು ಅಂತ ಇನ್ನೊಂದಿದೆ, ಉಪ್ಪಲ್ಲಿ ಹಾಕಿಟ್ಟ ಹಲಸಿನ ತೊಳೆಯ ಭರಣಿ ಬಾಯಿ ತೆರೆದ ಹಾಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಕರಿದದ್ದು ಗರಿಗರಿಯಾಗಿ ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ನೆನೆಹಾಕುವ ಹುಳಿನೀರಿಗೆ ಕೆಲವರು ಸಿಗಡಿ ಹಾಕುತ್ತಾರೆ, ಕೇಳಿ ತಿನ್ನಬೇಕು.

ಬರುವುದಾದರೆ ಚಾಂದ್ರಮಾನದ ಏಳನೇ ತಿಂಗಳಿಗೆ ಬಾ. ಆಗ ಪಿತೃಗಳಿಗೆ, ದಿಕ್ಕಿಲ್ಲದ ಪ್ರೇತಗಳಿಗೆ ಬೀದಿಯಲ್ಲೇ ಮೇಜು ಹಾಕಿ ಬಡಿಸುತ್ತಾರೆ. ಛೆಂಗ್‌ಹ್ವಾಂಗ್ ಪಲ್ಲಕ್ಕಿಯಲ್ಲಿ ಊರು ಸುತ್ತುತ್ತಾನೆ. ಮುಂದೆ ಇಬ್ಬರು ಭಟರು, ಒಳಗೆ ಆಳು ಹೊಕ್ಕು ಕುಣಿಸುವ ಬೃಹತ್ ಗೊಂಬೆಗಳು. ಒಬ್ಬ ಉದ್ದ, ನಾಲಿಗೆ ಹೊರಗೆ. ಇನ್ನೊಬ್ಬ ಕುಳ್ಳ, ಕಪ್ಪು ಮುಖ. ಸೇತುವೆ ಹತ್ತಿರ ಸೇರೋಣ ಅಂದುಕೊಂಡ ಗೆಳೆಯರಂತೆ. ಕುಳ್ಳ ಕಾಯುತ್ತಾ ನಿಂತು ನೆರೆಗೆ ಸಿಕ್ಕಿ ಸತ್ತ, ತಡವಾಗಿ ಬಂದ ಉದ್ದದವನು ಉರುಲು ಹಾಕಿಕೊಂಡ. ನಮ್ಮಿಬ್ಬರಲ್ಲಿ ಯಾವಾಗಲೂ ತಡ ಮಾಡುವವನು ಯಾರು ಅಂತ ಬಿಡಿಸಿ ಹೇಳಬೇಕಾ?

ಅವರ ತಿಂಗಳೂ ನಮ್ಮ ಹಾಗೆ ಅಮಾವಾಸ್ಯೆಯಿಂದಲೇ ಲೆಕ್ಕ. ಆ ತಿಂಗಳ ಹುಣ್ಣಿಮೆ ಹೆಚ್ಚಿನ ವರ್ಷ ನಮ್ಮ ನೂಲುಹುಣ್ಣಿಮೆಗೇ ಬೀಳುತ್ತದೆ. ಅಧಿಕಮಾಸ ಸೇರಿಸುವ ರೀತಿ ಬೇರೆಯಾದ್ದರಿಂದ ಕೆಲವು ವರ್ಷ ಒಂದು ತಿಂಗಳು ಹಿಂದೆಮುಂದೆ. ಹಾಗಾಗಿ ಟಿಕೆಟ್ ತೆಗೆಯುವ ಮೊದಲು ನನ್ನನ್ನು ಕೇಳು. ಅದು ಟೈಫೂನ್ ಕಾಲವೂ ಹೌದು. ವಿಮಾನ ರದ್ದಾದರೆ ಅಂತ ನಾಲ್ಕು ದಿನ ಜಾಸ್ತಿ ಇಟ್ಟುಕೋ. ವೀಸಾ ಕಾಗದಗಳನ್ನು ಈ ವಾರವೇ ಹೊಂದಿಸಲು ಶುರು ಮಾಡು, ನನ್ನ ಕಡೆಯಿಂದ ಬೇಕಾದ ಪತ್ರ ಕಳಿಸುತ್ತೇನೆ.

ನಿನ್ನ,
ಶಿಂಚುವಿನ ಗೆಳೆಯ